ಟೈಲರಮ್ಮ ತೊಳೆದ ಚಕ್ರ

ಚಕ್ರ ಮೊದಲು ಬಂತು. ವ್ಯಾನು ಆಮೇಲೆ ಬಂತು.

ಟೈಲರಮ್ಮ ಈ ಕತೆಯನ್ನು ಯಾರಿಗೆ ಹೇಳುವಾಗಲೂ ಹೀಗೇ ಶುರು ಮಾಡುತ್ತಾಳೆ, ಕೇಳುವವರು ತಪ್ಪದೆ ನಗುತ್ತಾರೆ. ಆ ಬೆಳಿಗ್ಗೆ ಮಾತ್ರ ಅವಳಿಗೆ ನಗು ಬಂದಿರಲಿಲ್ಲ. ಅಂಗಡಿಯ ದೊಡ್ಡ ಮೇಜಿನ ಮೇಲೆ ಬಿಳಿ ಬಟ್ಟೆ ಹರಡಿಕೊಂಡು ಆಸ್ಪತ್ರೆಯವರ ಕೋಟುಗಳಿಗೆ ಗುರುತು ಹಾಕುತ್ತಿದ್ದಳು. ಇಳಿಜಾರು ಬೀದಿಯ ಕಡೆಯಿಂದ ಏನೋ ಗಡಗಡ ಸದ್ದು. ತಲೆ ಎತ್ತುವಷ್ಟರಲ್ಲಿ ಒಂಟಿ ಚಕ್ರವೊಂದು ಮುಂದಿನ ಗಾಜನ್ನು ಒಡೆದುಕೊಂಡು ಒಳಗೆ ನುಗ್ಗಿ, ಹೊಸ ಕೋಟು ತೊಟ್ಟು ನಿಂತಿದ್ದ ಬೊಂಬೆಯನ್ನು ಅಂಗಾತ ಕೆಡವಿ, ಮೇಜಿನ ಕಾಲಿಗೆ ಒರಗಿ ನಿಂತಿತು. ಅಳತೆ ಕೊಡಲು ಬಂದ ಗಿರಾಕಿಯ ಹಾಗೆ.

ಅದರ ಹಿಂದೆಯೇ ಬ್ರೆಡ್ಡಿನ ವ್ಯಾನು ಮೂರು ಚಕ್ರದಲ್ಲಿ ಕೆರೆದುಕೊಂಡು ಇಳಿದು ದೀಪದ ಕಂಬಕ್ಕೆ ಮೂತಿ ಕೊಟ್ಟಿತು. ಬೀದಿಯ ತುಂಬ ಬ್ರೆಡ್ಡು. ವ್ಯಾನು ಓಡಿಸುತ್ತಿದ್ದ ಬ್ರೆಡ್ಡಿನವನ ಭುಜದ ಮೂಳೆ ಮುರಿದಿತ್ತು, ಜೀವಕ್ಕೆ ಏನೂ ಆಗಲಿಲ್ಲ. ಟೈಲರಮ್ಮನೇ ಓಡಿಹೋಗಿ ತನ್ನ ಉದ್ದದ ಬಟ್ಟೆಯೊಂದನ್ನು ಹರಿದು ಅವನ ಕೈಯನ್ನು ಕುತ್ತಿಗೆಗೆ ಕಟ್ಟಿದಳು. ಅಂಥ ಹೊತ್ತಿನಲ್ಲೂ ಅಂಚು ನೇರವಾಗಿ ಹರಿಯಿತೇ ಇಲ್ಲವೇ ಎಂದು ನೋಡಿಕೊಂಡಳಂತೆ. ಹುಟ್ಟುಗುಣ, ಏನು ಮಾಡಲಾದೀತು.

ತನಿಖೆಯವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಚಕ್ರ ಅಲ್ಲೇ ಇರ್ಲಿ, ಎಲ್ಲೂ ಕಳಿಸ್ಬೇಡಿ. ನಾಳೆ ಬರ್ತೀವಿ."

ಅಲ್ಲೇ ಇರಲಿ ಎಂದರೆ ಟೈಲರಮ್ಮನಿಗೆ ಅರ್ಥವಾದದ್ದು ಅಷ್ಟೇ, ಅಲ್ಲೇ ಇರಬೇಕು. ಹೇಗಿರಬೇಕು ಎಂದು ಯಾರೂ ಹೇಳಲಿಲ್ಲವಲ್ಲ! ರಾಶಿ ಬಿಳಿ ಬಟ್ಟೆ, ಅದರ ಮಗ್ಗುಲಿಗೆ ಮಸಿ, ಮಣ್ಣು, ಗ್ರೀಸು ಮೆತ್ತಿಕೊಂಡ ಚಕ್ರ. ಅವಳ ಅಂಗಡಿಗೆ ಬರುವವರು ಚಪ್ಪಲಿಯನ್ನು ಹೊರಗೆ ಬಿಟ್ಟೇ ಒಳಗೆ ಬರಬೇಕು, ಸ್ವಂತ ಗಂಡನಾದರೂ ಅಷ್ಟೇ. ಚಕ್ರಕ್ಕೊಂದು ನ್ಯಾಯ ಗಂಡನಿಗೊಂದು ನ್ಯಾಯವೆ? ಗಾಜಿನ ಚೂರನ್ನೆಲ್ಲ ಗುಡಿಸಿದ ಮೇಲೆ ಹಿತ್ತಲಿನ ಟಬ್ಬು ತಂದಳು, ಸೋಪಿನ ಪುಡಿ ಕಲಸಿದಳು, ಬಿಳಿ ಬ್ರಷ್ಷು ಹಿಡಿದಳು. ಚಕ್ರದ ಹೊರಗೆ, ಒಳಗೆ, ನಟ್ಟು ಕೂರುವ ತೂತುಗಳ ಸುತ್ತ, ಒಂದು ಗುಲಗಂಜಿಯಷ್ಟೂ ಕೊಳೆ ಬಿಡದಂತೆ ಉಜ್ಜಿದಳು. ನೀರು ಕಾಡಿಗೆಯಂತಾಯಿತು. ಸಂಜೆಗೆ ಚಕ್ರ ಫಳಫಳ ಹೊಳೆಯುತ್ತಿತ್ತು. ಅವಳಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಸಮಾಧಾನ.

ಅಷ್ಟರಲ್ಲಿ ಅವಳ ಮೈದುನ ಬಂದ. ಗ್ಯಾರೇಜು ಅವನದೇ, ವಾಹನಗಳ ಸುರಕ್ಷತಾ ತಪಾಸಣೆ ಮಾಡಿ ಸ್ಟಿಕರು ಅಂಟಿಸುವ ಅಧಿಕಾರ ಇರುವ ಗ್ಯಾರೇಜು. ಮನೆಯಲ್ಲೂ ಬೀದಿಯಲ್ಲೂ ಅವನಿಗೆ 'ಎರಡ್ಸಲ' ಎಂದೇ ಹೆಸರು. ಗ್ಯಾಸಿನ ತಿರುಪನ್ನು ಎರಡು ಸಲ ನೋಡುತ್ತಾನೆ, ಬೀಗವನ್ನು ಎರಡು ಸಲ ಜಗ್ಗುತ್ತಾನೆ. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಎರಡು ಸಲ ಹೋಗಿದ್ದನಂತೆ, ಆ ಹೊತ್ತಿಗೆ ಹೆಣ್ಣಿಗೆ ಬೇರೆ ಕಡೆ ಗೊತ್ತಾಗಿ, ಅವನು ಹಾಗೇ ಉಳಿದ. ಅದನ್ನೂ ನಗುತ್ತಲೇ ಹೇಳುವ ಆಸಾಮಿ.

ಅವನು ಬೊಂಬೆಯನ್ನು ಎತ್ತಿ ನಿಲ್ಲಿಸಿದ, ಅತ್ತಿಗೆಯ ಕೈಕಾಲು ನೆಟ್ಟಗಿದೆಯೇ ಎಂದು ವಿಚಾರಿಸಿದ, ಆಮೇಲೆ ಚಕ್ರದ ಕಡೆ ತಿರುಗಿದ. ಮುಖ ಇಳಿದುಹೋಯಿತು.

"ಅತ್ತಿಗೆ, ಇದನ್ನ ತೊಳೆದ್ರಾ?"

"ಮತ್ತೆ? ಹಾಗೇ ಇಟ್ಕೊಳ್ಳೋಕಾಗುತ್ತಾ? ಬಿಳಿ ಬಟ್ಟೆ ನೋಡು ಎಷ್ಟಿದೆ."

"ಹೋದ ವಾರ ಈ ವ್ಯಾನಿಗೆ ತಪಾಸಣೆ ಮಾಡಿ ಸ್ಟಿಕರು ಕೊಟ್ಟಿದ್ದು ನಾನೇ ಅತ್ತಿಗೆ."

ಟೈಲರಮ್ಮ ಬ್ರಷ್ಷು ಹಿಡಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಅವನು ಮುಂದೆ ಹೇಳಬೇಕಾಗಿಯೇ ಇರಲಿಲ್ಲ. ಯಾಕೆಂದರೆ ಅವನು ಚಕ್ರಕ್ಕೆ ಗುರುತು ಹಾಕುವ ಚಾಕ್‌ಪೀಸು ಅವಳದೇ.

ತಪಾಸಣೆಯಲ್ಲಿ ಬ್ರೇಕು ನೋಡಬೇಕಾದರೆ ಚಕ್ರ ಬಿಚ್ಚಬೇಕು, ನೋಡಿ ಮತ್ತೆ ಕೂರಿಸಬೇಕು. ಎರಡ್ಸಲ ವಾಹನವನ್ನು ನೆಲಕ್ಕಿಳಿಸಿದ ಮೇಲೆ ಒಂದೊಂದು ನಟ್ಟನ್ನೂ ಇನ್ನೊಮ್ಮೆ ಬಿಗಿದು, ಬಿಗಿದದ್ದಕ್ಕೆ ಸಾಕ್ಷಿಯಾಗಿ ನಟ್ಟಿನ ಮೇಲಿಂದ ಚಕ್ರದವರೆಗೆ ಒಂದು ಸಣ್ಣ ಗೆರೆ ಎಳೆಯುತ್ತಿದ್ದ. ನಟ್ಟು ಸ್ವಲ್ಪ ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಇದನ್ನು ಅವನು ಕಲಿತದ್ದು ಅತ್ತಿಗೆಯಿಂದಲೇ. ತೋಳನ್ನು ಹೆಗಲಿಗೆ ಜೋಡಿಸುವ ಮುಂಚೆ ಅವಳು ಎರಡೂ ತುಂಡಿನ ಮೇಲೆ ಹಾಯುವಂತೆ ಒಂದು ಗೆರೆ ಹಾಕುತ್ತಾಳೆ, ಹೊಲಿಯುವಾಗ ಅರ್ಧಕ್ಕೆ ಅರ್ಧ ಕೂಡಬೇಕು. ಅವಳ ಬಳಿ ಒಂದು ಡಬ್ಬಿ ಕೆಂಪು ಚಾಕ್‌ಪೀಸು ದಂಡವಾಗಿ ಬಿದ್ದಿತ್ತು. ಬಟ್ಟೆಯಿಂದ ಸುಲಭಕ್ಕೆ ಹೋಗುವುದಿಲ್ಲ, ನೀರಿಗೆ ಹಾಕಿದರೆ ನೀರೂ ಕೆಂಪು, ಬ್ರಷ್ಷೂ ಕೆಂಪು. "ತಗೊಂಡು ಹೋಗು, ನಿನ್ನ ಕಬ್ಬಿಣಕ್ಕಾದ್ರೂ ಆಗ್ಲಿ" ಎಂದು ಡಬ್ಬಿಯನ್ನೇ ಮೈದುನನಿಗೆ ಕೊಟ್ಟಿದ್ದಳು.

ಮಾರನೆಯ ದಿನ ತನಿಖೆಯ ಅಧಿಕಾರಿ ಬಂದ, ಎರಡ್ಸಲನನ್ನೂ ಅಂಗಡಿಗೆ ಕರೆಸಿದ. ತಾಳ್ಮೆಯ ಮನುಷ್ಯ, ಚಪ್ಪಲಿಯನ್ನು ಹೇಳಿಸಿಕೊಳ್ಳದೆ ಹೊರಗೆ ಬಿಟ್ಟದ್ದು ಟೈಲರಮ್ಮನಿಗೆ ಮೆಚ್ಚುಗೆಯಾಯಿತು. ಆದರೆ ಅವನು ಎರಡ್ಸಲನಿಗೆ ಹೇಳಿದ ಮಾತು ಮೆಚ್ಚುವಂಥದ್ದಲ್ಲ.

"ವ್ಯಾನಿನ ಮೂರು ಚಕ್ರದಲ್ಲೂ ಕೆಂಪು ಗೆರೆ ಹಾಗೇ ಇದೆ. ಈ ಚಕ್ರದಲ್ಲಿ ಇಲ್ಲ. ಇದೊಂದನ್ನ ಬಿಗಿಯೋದು ಮರೆತಿದೀರಿ ಅಂತ ನಾನು ತಿಳ್ಕೋಬೇಕಾಗುತ್ತೆ."

"ಅಯ್ಯೋ, ಗೆರೆ ಇತ್ತು! ನಾನು ತೊಳೆದುಬಿಟ್ಟೆ!" ಎಂದಳು ಟೈಲರಮ್ಮ.

"ನೀವು ಇವರಿಗೆ ಏನಾಗ್ಬೇಕು?"

"ಅತ್ತಿಗೆ."

ಅಧಿಕಾರಿ ಅದನ್ನೂ ಬರೆದುಕೊಂಡ. ಅತ್ತಿಗೆಯ ಮಾತಿಗೆ ಎಷ್ಟು ಬೆಲೆ ಎಂದು ಅವನ ಮುಖವೇ ಹೇಳುತ್ತಿತ್ತು. ಆಮೇಲೆ ಮೆತ್ತಗೆ ವಿವರಿಸಿದ. ವಾಹನ ಸುರಕ್ಷಿತ ಎಂದು ಸಹಿ ಹಾಕಿದ ಗ್ಯಾರೇಜು ಆ ಸಹಿಗೆ ಹೊಣೆ. ಆಮೇಲೆ ಹುಟ್ಟಿಕೊಂಡ ದೋಷಕ್ಕೆ ಯಾರೂ ಅವರನ್ನು ಕೇಳುವುದಿಲ್ಲ, ಆದರೆ ಅವರ ಕೈಯಿಂದ ಹೊರಟ ದಿನವೇ ನಟ್ಟು ಸಡಿಲವಿತ್ತು ಎಂದಾದರೆ ಬ್ರೆಡ್ಡಿನವನ ಭುಜ, ವ್ಯಾನು, ಈ ಅಂಗಡಿಯ ಗಾಜು, ಎಲ್ಲ ಗ್ಯಾರೇಜಿನ ತಲೆಗೆ. ತಪಾಸಣೆ ಮಾಡುವ ಅಧಿಕಾರವೂ ಹೋಗುತ್ತದೆ. "ಬರೋ ವಾರ ಕಚೇರಿಗೆ ಬಂದು ಹೇಳಿಕೆ ಕೊಡಿ. ಗೆರೆ ನಿಮ್ಮ ಕಣ್ಣಾರೆ ನೋಡಿದ್ರಾ ಅಂತ ಕೇಳ್ತೀನಿ. ಯೋಚನೆ ಮಾಡಿ ಬನ್ನಿ" ಎಂದು ಟೈಲರಮ್ಮನಿಗೆ ಹೇಳಿ, ಚಪ್ಪಲಿ ಮೆಟ್ಟಿ ಹೋದ.

ಬ್ರೆಡ್ಡಿನವನ ಮಾವ ಅಷ್ಟು ಮೆತ್ತಗಿನ ಮನುಷ್ಯನಲ್ಲ. ಬೇಕರಿಯೂ ಅವನದು, ವ್ಯಾನೂ ಅವನದು, ಅಳಿಯನೂ ತನ್ನದೇ ಸೊತ್ತು ಎಂಬ ಹಾಗೆ ನಡೆದುಕೊಳ್ಳುವವನು. ಟಯರಿಗೆ ಗಾಳಿ ಎಷ್ಟಿರಬೇಕು, ಕ್ಲಚ್ಚು ಹೇಗೆ ಒತ್ತಬೇಕು ಎಂದು ಅಳಿಯನಿಗೆ ದಿನಾ ಪಾಠ. ಈಗ ಬೀದಿಯಲ್ಲಿ ನಿಂತು, "ನಾಲ್ಕು ನಟ್ಟು ಬಿಗಿಯೋಕೆ ಬರದವರು ಸ್ಟಿಕರು ಬೇರೆ ಅಂಟಿಸ್ತಾರೆ" ಎಂದು ಕಂಡಕಂಡವರ ಮುಂದೆಲ್ಲ ಡಂಗುರ ಸಾರುತ್ತಿದ್ದ. ಎರಡ್ಸಲನ ಗ್ಯಾರೇಜಿನ ಮುಂದೆ ನಿಲ್ಲುತ್ತಿದ್ದ ವಾಹನಗಳ ಸಾಲು ಕರಗಿತು. ಅವನು ಖಾಲಿ ಅಂಗಳದಲ್ಲಿ ಸ್ಪ್ಯಾನರುಗಳನ್ನು ಒರೆಸಿ, ಜೋಡಿಸಿ, ಮತ್ತೆ ಒರೆಸುತ್ತಿದ್ದ.

ಟೈಲರಮ್ಮನಿಗೆ ತನ್ನ ಮೇಲೆಯೇ ಸಿಟ್ಟು. ಜಗತ್ತಿನಲ್ಲಿ ಯಾವ ಹೆಂಗಸು ಅಪಘಾತದ ಚಕ್ರಕ್ಕೆ ಸೋಪು ಹಚ್ಚುತ್ತಾಳೆ? ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಎರಡ್ಸಲ ಅಂಗಿಯ ಗುಂಡಿ ಅಡ್ಡಾದಿಡ್ಡಿ ಹಾಕಿಕೊಳ್ಳುತ್ತಿದ್ದ ಹುಡುಗ. ಅವನಿಗೆ ಮೊದಲ ಪ್ಯಾಂಟು ಹೊಲಿದುಕೊಟ್ಟವಳು ಅವಳು, ಅವಳಿಗೆ ಮೊದಲ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಟ್ಟವನು ಅವನು. ಅಂಥವನ ಅನ್ನಕ್ಕೆ ತಾನೇ ಕಲ್ಲು ಹಾಕಿದೆನಲ್ಲ ಎಂದು ಸಂಕಟ.

ಹೇಳಿಕೆ ಕೊಡುವ ಹಿಂದಿನ ದಿನ ಇನ್ನೊಂದಾಯಿತು. ಅಪರೂಪಕ್ಕೆ ಗಿರಾಕಿಯೊಬ್ಬಳ ಹಳೆಯ ಲಂಗ ಬಂದಿತ್ತು, ಹಿಂದೆ ಕೆಂಪು ಚಾಕ್‌ಪೀಸಿನಲ್ಲಿ ಗುರುತು ಹಾಕಿದ್ದು, ಕಲೆ ಇನ್ನೂ ಹೋಗಿರಲಿಲ್ಲ. ಟೈಲರಮ್ಮ ಅದೇ ಟಬ್ಬು, ಅದೇ ಬಿಳಿ ಬ್ರಷ್ಷು ತೆಗೆದುಕೊಂಡು ಉಜ್ಜಿದಳು. ಎರಡು ಉಜ್ಜಿಗೆ ನೊರೆ ಕೆಂಪಾಯಿತು, ಬ್ರಷ್ಷಿನ ಕೂದಲು ಕೆಂಪಾಯಿತು.

ಅವಳ ಕೈ ನಿಂತಿತು. ಈ ಗಳಿಗೆಯವರೆಗೂ ಬ್ರಷ್ಷಿನಲ್ಲಿ ಕೆಂಪು ಇರಲಿಲ್ಲ. ಚಕ್ರ ತೊಳೆದ ದಿನ ನೀರು ಕಪ್ಪಾಗಿತ್ತು, ಕಪ್ಪು ಚೆಲ್ಲಿ ಹೊಸ ನೀರು ಹಾಕಿದಾಗ ಬೂದಿಯಾಗಿತ್ತು, ಕೊನೆಗೆ ತಿಳಿಯಾಗಿತ್ತು. ಕೆಂಪು ಎಂಬುದು ಎಲ್ಲೂ ಕಂಡಿರಲಿಲ್ಲ.

ಅಂದರೆ ಆ ಚಕ್ರದ ಮೇಲೆ ಗೆರೆ ಇರಲೇ ಇಲ್ಲ. ತಾನು ಏನನ್ನೂ ಅಳಿಸಿರಲಿಲ್ಲ. ಎರಡ್ಸಲ ಬಿಗಿದಿರಲಿಲ್ಲ.

ತನ್ನ ತಲೆಯ ಮೇಲಿನ ತಪ್ಪು ಇಳಿದದ್ದಕ್ಕೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ತಪ್ಪು ತನ್ನದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಅವನು ಶಾಲೆಯಲ್ಲಿ ಗಣಿತ ಕಲಿಸುವವನು, ಮನೆಯ ಮಾತನ್ನೂ ಪರೀಕ್ಷೆಯ ಭಾಷೆಯಲ್ಲೇ ಆಡುವವನು.

"ಕೇಳದ ಪ್ರಶ್ನೆಗೆ ಉತ್ತರ ಬರೆದ್ರೆ ಅಂಕ ಇಲ್ಲ ಕಣೇ. ತೊಳೆದೆ ಅನ್ನು, ಎದ್ದು ಬಾ."

"ಗೆರೆ ನೋಡಿದ್ರಾ ಅಂತ ಕೇಳೇ ಕೇಳ್ತಾರಲ್ರೀ."

ಗಂಡ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತ. ಅವನ ಒಡಹುಟ್ಟಿದ ತಮ್ಮ. "ನೋಡಿದೆ ಅಂದ್ರೆ ಯಾರಿಗೇನು ನಷ್ಟ?" ಎಂದು ಕೊನೆಗೆ ಗೊಣಗಿದ, ಗೊಣಗಿ ತಾನೇ ನಾಚಿಕೊಂಡು ನೀರು ಕುಡಿದ.

ಒಂದೇ ಒಂದು ಮಾತು. 'ಕೆಂಪು ಗೆರೆ ಇತ್ತು.' ಅವಳು ಅದನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡಳು. ಸರಾಗವಾಗಿ ಬಂತು, ಅದಕ್ಕೇ ಹೆದರಿಕೆಯಾಯಿತು. ಎಂದಾದರೂ ಅವನು ಬಿಗಿಯದ ಇನ್ನೊಂದು ಚಕ್ರ ಬೀದಿಯಲ್ಲಿ ಉರುಳಿಬಂದು ಬೊಂಬೆಯ ಬದಲು ಮನುಷ್ಯರಿಗೆ ತಗುಲಿದರೆ? ಬೆಳಗಾದ ಕೂಡಲೇ ಅಂಗಡಿಯ ಬೀಗ ತೆಗೆಯದೆ ನೆಟ್ಟಗೆ ಗ್ಯಾರೇಜಿಗೆ ಹೋದಳು.

ಎರಡ್ಸಲ ಸ್ಟೂಲು ಒರೆಸಿ ಕೊಟ್ಟ, ಅವಳು ಕೂರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದಳು. ಟಬ್ಬು, ನೊರೆ, ಬ್ರಷ್ಷು. "ನಿನ್ನ ಮುಖಕ್ಕೆ ಹೇಳದೆ ಅಲ್ಲಿ ಹೋಗಿ ಹೇಳೋಕೆ ಮನಸ್ಸು ಬರ್ಲಿಲ್ಲ. ನಾನು ಸುಳ್ಳು ಹೇಳೋಕಾಗಲ್ಲಪ್ಪ. ಬೈಯೋದಿದ್ರೆ ಈಗ್ಲೇ ಬೈದುಬಿಡು."

ಅವನು ಬೈಯಲಿಲ್ಲ. ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ. "ಒಂದ್ಚೂರೂ ಕೆಂಪು ಬರ್ಲಿಲ್ವಾ?"

"ಇಲ್ಲ."

"ಎರಡನೇ ನೀರಲ್ಲೂ?"

"ಇಲ್ಲ ಅಂದ್ನಲ್ಲೋ!"

ಅವನು ಅಂಗಳದ ಆ ತುದಿಯಿಂದ ಈ ತುದಿಗೆ ನಡೆದ. ಮತ್ತೆ ನಡೆದ. ಆಮೇಲೆ, ಎಷ್ಟೋ ದಿನದ ನಂತರ, ಅವನ ಮುಖದ ಗಂಟು ಸಡಿಲವಾಯಿತು.

"ಅತ್ತಿಗೆ, ನಾನು ಆ ನಾಲ್ಕೂ ಚಕ್ರಕ್ಕೆ ಗೆರೆ ಎಳೆದಿದೀನಿ. ಎಳೆದು, ಸುತ್ತಿ ಬಂದು, ಮತ್ತೆ ನೋಡಿದೀನಿ. ಇದು ನಿಜ. ನೀವು ನನಗೆ ವಿರುದ್ಧವಾಗಿ ಬಂದು ಹೇಳ್ತಿದೀರಿ ಅಂದ್ರೆ ಅದೂ ನಿಜಾನೇ. ಎರಡೂ ನಿಜ ಆದ್ರೆ, ಆ ಚಕ್ರಾನೇ ನಾನು ನೋಡಿದ ಚಕ್ರ ಅಲ್ಲ."

ಟೈಲರಮ್ಮ ಈಗ ಸ್ಟೂಲಿನ ಮೇಲೆ ಕೂತಳು.

ಕಚೇರಿಯ ಹಿಂದೆ ತಗಡಿನ ಮಾಡಿನ ಕೆಳಗೆ ವ್ಯಾನನ್ನು ನಿಲ್ಲಿಸಿದ್ದರು. ಅಪಘಾತವಾದ ಮೇಲೆ ಎರಡ್ಸಲ ಅದನ್ನು ಮುಟ್ಟುವಂತಿರಲಿಲ್ಲ, ಹತ್ತಿರ ಹೋಗಿ ನೋಡುವಂತೆಯೂ ಇರಲಿಲ್ಲ. ಒಳಗೆ ಅಧಿಕಾರಿಯ ಮೇಜಿನ ಮುಂದೆ ಬ್ರೆಡ್ಡಿನವನು ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಕೂತಿದ್ದ. ಬಟ್ಟೆ ಟೈಲರಮ್ಮನದೇ, ಅಂಚು ಈಗಲೂ ನೇರವಾಗಿತ್ತು. ಪಕ್ಕದಲ್ಲಿ ಮಾವ, ಎದೆ ಉಬ್ಬಿಸಿಕೊಂಡು.

"ಚಕ್ರ ತೊಳೆಯುವಾಗ ಕೆಂಪು ಗೆರೆ ನೋಡಿದ್ರಾ?" ಎಂದು ಅಧಿಕಾರಿ ಕೇಳಿದ.

"ನೋಡ್ಲಿಲ್ಲ. ಇರ್ಲಿಲ್ಲ. ಇದ್ದಿದ್ರೆ ನೀರು ಕೆಂಪಾಗ್ಬೇಕಿತ್ತು, ಆಗ್ಲಿಲ್ಲ."

ಅಧಿಕಾರಿಯ ಪೆನ್ನು ನಿಂತಿತು. "ಅಮ್ಮಾ, ಈ ಮಾತಿಂದ ನಿಮ್ಮ ಮೈದುನನಿಗೆ ಏನಾಗುತ್ತೆ ಗೊತ್ತು ತಾನೆ?"

"ಗೊತ್ತು. ಅವನಿಗೂ ಹೇಳೇ ಬಂದಿದೀನಿ."

"ನಾನು ಹೇಳ್ಲಿಲ್ವಾ!" ಎಂದು ಮಾವ ಕುರ್ಚಿಯಿಂದ ಅರ್ಧ ಎದ್ದ.

ಅಧಿಕಾರಿ ಮಾವನ ಕಡೆ ನೋಡಲಿಲ್ಲ. ಟೈಲರಮ್ಮನನ್ನೇ ನೋಡುತ್ತಿದ್ದ. ಎರಡ್ಸಲನಿಗೆ ಅವಳು ಏನಾಗಬೇಕು ಎಂಬ ಪ್ರಶ್ನೆ ಈ ಸಲ ಅವನ ಮುಖದಲ್ಲಿ ಇರಲಿಲ್ಲ. ಆಗ ಎರಡ್ಸಲ ಗಂಟಲು ಸರಿಮಾಡಿಕೊಂಡು, "ಸಾರ್, ಒಂದು ಕೋರಿಕೆ. ವ್ಯಾನಿನ ಸ್ಟೆಪ್ನಿ ಇಳಿಸಿ ನೋಡಬಹುದಾ?" ಎಂದ.

"ಸ್ಟೆಪ್ನಿ ತಪಾಸಣೆಗೆ ಬರಲ್ವಲ್ರೀ. ಅದಕ್ಕೇ ನಾವೂ ನೋಡಿಲ್ಲ."

"ಅದಕ್ಕೇ ಸಾರ್ ಕೇಳ್ತಿರೋದು."

ಸ್ಟೆಪ್ನಿ ಎಂಬ ಮಾತು ಕಿವಿಗೆ ಬೀಳುತ್ತಲೇ ಮಾವ ಮೆಲ್ಲಗೆ ಮತ್ತೆ ಕುರ್ಚಿಗೆ ಇಳಿದದ್ದನ್ನು ಟೈಲರಮ್ಮ ಕಂಡಳು. ಕನ್ನಡಕ ತೆಗೆದು ಒರೆಸತೊಡಗಿದ್ದ.

ಎಲ್ಲರೂ ಹಿಂದಕ್ಕೆ ಹೋದರು. ಕಚೇರಿಯ ಮೆಕಾನಿಕ್ಕು ವ್ಯಾನಿನ ಹಿಂಭಾಗದಲ್ಲಿ ಮಲಗಿ, ಹೊಟ್ಟೆಯಡಿ ತೂಗುಹಾಕಿದ್ದ ಸ್ಟೆಪ್ನಿಯನ್ನು ಬಿಚ್ಚಿ ಇಳಿಸಿ ಹೊರಗೆಳೆದ. ಗಾಳಿ ಹೋಗಿ ಚಪ್ಪಟೆಯಾದ ಟಯರು. ಮೇಲೆ ಧೂಳು. ಧೂಳನ್ನು ಕೈಯಿಂದ ಸವರಿದರೆ, ಪ್ರತಿಯೊಂದು ನಟ್ಟಿನ ತೂತಿನ ಅಂಚಿನಿಂದಲೂ ಹೊರಟ ಕೆಂಪು ಗೆರೆ. ಅರ್ಧ ಗೆರೆ. ಇನ್ನರ್ಧ ನಟ್ಟುಗಳ ಜೊತೆ ಬೀದಿಯಲ್ಲೆಲ್ಲೋ ಚೆಲ್ಲಿಹೋಗಿತ್ತು.

ಟೈಲರಮ್ಮನಿಗೆ ಕಣ್ಣು ತುಂಬಿಬಂತು. ಸಾವಿರ ತೋಳುಗಳ ಮೇಲೆ ಅವಳು ಎಳೆದ ಗೆರೆಯೇ ಅದು, ಅಷ್ಟೇ ಉದ್ದ, ಅಷ್ಟೇ ಓರೆ. ಹುಡುಗ ಎಷ್ಟು ಚೆನ್ನಾಗಿ ಕಲಿತಿದ್ದಾನೆ ಎಂದು ಹೆಮ್ಮೆಯಾಯಿತು.

"ಇದು ಯಾವಾಗ ಬದಲಾಯಿಸಿದ್ದು?" ಎಂದು ಅಧಿಕಾರಿ ಬ್ರೆಡ್ಡಿನವನನ್ನು ಕೇಳಿದ. ಅವನು ಪಿಳಿಪಿಳಿ ಕಣ್ಣು ಬಿಟ್ಟ. "ನಾನು ಬದಲಾಯಿಸೇ ಇಲ್ಲ ಸಾರ್!" ಎಂದವನು, ಇದ್ದಕ್ಕಿದ್ದಂತೆ ತಿರುಗಿ, "ಮಾವಾ?" ಎಂದ.

ಮಾವನ ದನಿ ಮೊದಲ ಸಲ ತಗ್ಗಿತ್ತು. ತಪಾಸಣೆಯಾದ ಮಾರನೆಯ ದಿನ ಹಿಟ್ಟಿನ ಮೂಟೆ ತರಲು ತಾನೇ ವ್ಯಾನು ಒಯ್ದಿದ್ದನಂತೆ. ದಾರಿಯಲ್ಲಿ ಪಂಕ್ಚರು. ದಿನಾ ಗಾಳಿಯ ಪಾಠ ಹೇಳುವವನು ಅಳಿಯನ ಮುಂದೆ ಪಂಕ್ಚರು ಎಂದು ಒಪ್ಪಿಕೊಳ್ಳುವುದು ಹೇಗೆ? ಜಾಕು ಏರಿಸಿ ಸ್ಟೆಪ್ನಿ ಕೂರಿಸಿ, ಬಿಗಿದು, ತುಟಿ ಪಿಟಕ್ಕೆನ್ನದೆ ಬಂದಿದ್ದ.

"ಜಾಕ್ ಇಳಿಸಿದ ಮೇಲೆ ಇನ್ನೊಂದ್ಸಲ ಬಿಗಿದ್ರಾ?" ಎಂದ ಎರಡ್ಸಲ. ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವನಿಗೆ.

"ಇನ್ನೊಂದ್ಸಲ ಯಾಕೆ? ನಾನು ಬಿಗಿದಿದ್ದು ಬಿಚ್ಚಿಕೊಳ್ಳೋದುಂಟಾ ಅಂತ..." ಮಾವ ಅಲ್ಲಿಗೇ ನಿಲ್ಲಿಸಿದ. ಬ್ರೆಡ್ಡಿನವನು ಒಂದೇ ಕೈಯಲ್ಲಿ ಹಣೆ ಚಚ್ಚಿಕೊಂಡ, ಮುರಿದ ಭುಜ ನೋಯುವಷ್ಟು ನಕ್ಕ. ಮಾವನ ಮುಂದೆ ಅವನು ಹಾಗೆ ನಕ್ಕದ್ದು ಮದುವೆಯಾದ ಮೇಲೆ ಅದೇ ಮೊದಲಿರಬೇಕು. ಮಾವ ಎಲ್ಲರೆದುರಿಗೂ ಅಳಿಯನ ಒಳ್ಳೆಯ ಭುಜದ ಮೇಲೆ ಕೈಯಿಟ್ಟು, "ತಪ್ಪಾಯ್ತು ಕಣಪ್ಪ" ಎಂದ. ಆಮೇಲೆ ಎರಡ್ಸಲನಿಗೂ ಅದನ್ನೇ ಹೇಳಿದ, ಸ್ವಲ್ಪ ಕಷ್ಟಪಟ್ಟು.

ಅಧಿಕಾರಿ ಒಳಗೆ ಹೋಗಿ ಬರೆಯಬೇಕಾದದ್ದನ್ನು ಬರೆದ. ದೋಷ ತಪಾಸಣೆಯ ನಂತರದ್ದು, ಗ್ಯಾರೇಜಿನ ಹೊಣೆ ಇಲ್ಲ. ಟೈಲರಮ್ಮನ ಗಾಜನ್ನು ವ್ಯಾನಿನ ವಿಮೆಯವರೇ ಹಾಕಿಸಿಕೊಡಬೇಕು. ಬೀಳ್ಕೊಡುವಾಗ ಅವನು ಅವಳಿಗೆ ಹೇಳಿದ, "ಗೆರೆ ಇತ್ತು ಅಂತ ನೀವು ಅಂದಿದ್ರೆ, ಅತ್ತಿಗೆಯ ಮಾತು ಅಂತ ನಾನು ಪಕ್ಕಕ್ಕಿಡ್ತಿದ್ದೆ ಅಮ್ಮಾ."

ಎರಡ್ಸಲ ಅತ್ತಿಗೆಯ ಜೊತೆ ಮನೆಯ ದಾರಿ ಹಿಡಿದ. ಬೀದಿಯ ತಿರುವಿನಲ್ಲಿ ನಿಂತು ಹೇಳಿದ.

"ನಾನೂ ಅಷ್ಟೇ ಅತ್ತಿಗೆ. ನೀವು ಇತ್ತು ಅಂದಿದ್ರೆ ಸದ್ಯ ಅಂತ ನಂಬಿ ಸುಮ್ಮನಾಗ್ತಿದ್ದೆ. ಸ್ಟೆಪ್ನಿ ನೆನಪೇ ಆಗ್ತಿರ್ಲಿಲ್ಲ."

"ಅಂದ್ರೆ ನಾನು ನಿನ್ನ ವಿರುದ್ಧ ಹೇಳಿದ್ದೇ ಒಳ್ಳೇದಾಯ್ತು ಅಂತೀಯಾ?"

"ಬೇರೆಯವರು ಹೇಳಿದ್ರೆ ನಂಬ್ತಿರ್ಲಿಲ್ಲ. ನೀವು ಹೇಳಿದ್ರಲ್ಲ, ಅದಕ್ಕೇ."

ಟೈಲರಮ್ಮ ಮುಖ ಆ ಕಡೆ ತಿರುಗಿಸಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಸರಿ ಸರಿ, ನಡಿ. ನಿಮ್ಮಣ್ಣ ಬಾಗಿಲಲ್ಲಿ ಕಾಯ್ತಿರ್ತಾರೆ, ಎಷ್ಟು ಅಂಕ ಬಂತು ಅಂತ ಕೇಳೋಕೆ."

ಗಾಜು ಹಾಕಿದ ದಿನ ಎರಡ್ಸಲ ಬಂದು ಚೌಕಟ್ಟಿನ ತಿರುಪುಗಳನ್ನೆಲ್ಲ ಜಗ್ಗಿ ನೋಡಿದ, ಹೊರಗೆ ಹೋಗಿ ಬಂದು ಇನ್ನೊಮ್ಮೆ ಜಗ್ಗಿದ. ಟೈಲರಮ್ಮ ಅವನಿಗಾಗಿ ಹೊಸದೊಂದು ಡಬ್ಬಿ ಕೆಂಪು ಚಾಕ್‌ಪೀಸು ತರಿಸಿಟ್ಟಿದ್ದಳು. ಅವನು ಅದರಿಂದ ಒಂದನ್ನು ತೆಗೆದು, ಚೌಕಟ್ಟಿನ ಒಂದೊಂದು ತಿರುಪಿನ ಮೇಲಿಂದಲೂ ಮರದವರೆಗೆ ಸಣ್ಣ ಗೆರೆ ಎಳೆದ.

ಅಂಗಡಿಯ ಹೊಸ ಗಾಜಿನ ಸುತ್ತ ಕೆಂಪು ಗೆರೆಗಳು! ಬೇರೆ ಯಾರೇ ಎಳೆದಿದ್ದರೂ ಆ ಗಳಿಗೆಯಲ್ಲೇ ಬ್ರಷ್ಷು ಬರುತ್ತಿತ್ತು. ಟೈಲರಮ್ಮ ನಿತ್ಯ ಬೆಳಿಗ್ಗೆ ಆ ಗಾಜನ್ನು ಒರೆಸುತ್ತಾಳೆ, ಗೆರೆಗಳ ಹತ್ತಿರ ಬಂದಾಗ ಬಟ್ಟೆಯನ್ನು ಮಡಚಿ ಹುಷಾರಾಗಿ ಸುತ್ತು ಹಾಯಿಸುತ್ತಾಳೆ.